ಸ್ಟುಡಿಯೊಗೆ ಹೋಗುವ ಮೊದಲೇ ಮುಗಿಸಬೇಕಾದ ಕೆಲಸ: ಮಲೆನಾಡಿನ ಗಾಯಕರು, ವಾದಕರಿಗೆ ಹಂತ ಹಂತದ ಮಾರ್ಗದರ್ಶಿ

ವೇದಿಕೆಯಲ್ಲಿ ಸೊಗಸಾಗಿ ಹಾಡುವ ತಂಡವೇ ಸ್ಟುಡಿಯೊದಲ್ಲಿ ಎಡವುತ್ತದೆ. ಶಿವಮೊಗ್ಗದಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಾ ನಾನು ನೋಡುವುದು ಬಹುಪಾಲು ಒಂದೇ ಕಥೆ. ಬೆಳಿಗ್ಗೆ ಹತ್ತಕ್ಕೆ ಬಂದವರು ಊಟದ ಹೊತ್ತಾದರೂ ಶ್ರುತಿ ಯಾವುದೆಂದು ಚರ್ಚಿಸುತ್ತಿರುತ್ತಾರೆ. ಕೊನೆಗೆ ಒಪ್ಪಿಕೊಂಡ ಶ್ರುತಿಗೆ ತಂದಿರುವ ತಬಲಾ ಏರುವುದಿಲ್ಲ, ಬೇಕಾದ ಕೊಳಲು ಮನೆಯಲ್ಲೇ ಉಳಿದಿರುತ್ತದೆ, ಗಾಯಕಿಯ ಗಂಟಲು ಚರ್ಚೆಯಲ್ಲೇ ದಣಿದಿರುತ್ತದೆ. ಗಂಟೆ ಲೆಕ್ಕದ ಬಾಡಿಗೆ ಮಾತ್ರ ಓಡುತ್ತಿರುತ್ತದೆ.

ಇವರಿಗೆ ಅಭ್ಯಾಸ ಸಾಲದು ಎಂದೇನಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿರುತ್ತಾರೆ, ಆದರೆ ಹಿಂದುಮುಂದಾಗಿ. ಶ್ರುತಿ ನಿಗದಿಯಾಗದೆ ವಾದ್ಯ ಆರಿಸಲಾಗದು, ಲಯ ನಿಗದಿಯಾಗದೆ ಹಾಡಿನ ಉದ್ದ ತಿಳಿಯದು, ಉದ್ದ ತಿಳಿಯದೆ ಸ್ಟುಡಿಯೊ ಎಷ್ಟು ಹೊತ್ತು ಬೇಕೆಂದು ಹೇಳಲಾಗದು. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ತಿಂಗಳು ಮೊದಲು ಆರಂಭಿಸಿದರೆ ಧಾವಂತವಿರುವುದಿಲ್ಲ.

ಕೈಯಲ್ಲಿ ಇರಬೇಕಾದವು

ಮೊಬೈಲ್‌ನಲ್ಲಿ ಒಂದು ಟ್ಯೂನರ್ (ಸ್ವರ ಅಳೆಯುವ) ಆ್ಯಪ್, ಒಂದು ಮೆಟ್ರೊನೋಮ್ (ಲಯಕ್ಕೆ ಟಕ್ ಟಕ್ ಎನ್ನುವ) ಆ್ಯಪ್, ಒಂದು ತಂಬೂರಿ ಆ್ಯಪ್. ತಂತಿ ಇರುವ ಇಯರ್‌ಫೋನ್. ಬ್ಲೂಟೂತ್ ಬೇಡ, ಅದರಲ್ಲಿ ಶಬ್ದ ತಡವಾಗಿ ಕಿವಿಗೆ ಬರುವುದರಿಂದ ತಾಳದ ಅಭ್ಯಾಸ ಕೆಡುತ್ತದೆ. ಒಂದು ನೋಟ್‌ಬುಕ್, ಪೆನ್ಸಿಲ್. ಕಡತಗಳನ್ನು ತರಲು ಹಾರ್ಡ್ ಡಿಸ್ಕ್ ಅಥವಾ ದೊಡ್ಡ ಪೆನ್ ಡ್ರೈವ್.

1. ಶ್ರುತಿಯನ್ನು ಮೊದಲು ಕಟ್ಟಿಹಾಕಿ

ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು ಎಂದು ಗುರುತಿಸಿ. ವೇದಿಕೆಯ ಶ್ರುತಿಯನ್ನೇ ಕಣ್ಣುಮುಚ್ಚಿ ಒಪ್ಪಬೇಡಿ. ವೇದಿಕೆಯಲ್ಲಿ ಮಂದ್ರದ ಸ್ವರ ನುಂಗಿಹೋದರೂ ಯಾರಿಗೂ ತಿಳಿಯದು, ತಾರಸ್ಥಾಯಿಯಲ್ಲಿ ಸ್ವಲ್ಪ ಕೂಗಿದರೆ ಚಪ್ಪಾಳೆಯೂ ಬೀಳುತ್ತದೆ. ಸ್ಟುಡಿಯೊ ಮೈಕ್ ಎರಡನ್ನೂ ಹಾಗೆಯೇ ಹಿಡಿಯುತ್ತದೆ.

ಪರೀಕ್ಷೆ ಸುಲಭ. ಧ್ವನಿಮುದ್ರಣ ನಡೆಯುವ ಹೊತ್ತಿನಲ್ಲೇ ಮನೆಯಲ್ಲಿ ಕುಳಿತು ಇಡೀ ಹಾಡನ್ನು ಬಿಡುವಿಲ್ಲದೆ ಮೂರು ಸಲ ಹಾಡಿ. ಮೂರನೆಯ ಸಲ ಮೇಲಿನ ಸ್ವರದಲ್ಲಿ ಕುತ್ತಿಗೆ ಬಿಗಿಯಾದರೆ ಅರ್ಧ ಮನೆ (ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು) ಇಳಿಸಿ. ಕೆಳಗಿನ ಸ್ವರದಲ್ಲಿ ಬರೀ ಗಾಳಿ ಬಂದರೆ ಅರ್ಧ ಮನೆ ಏರಿಸಿ. ಎರಡೂ ಒಟ್ಟಿಗೆ ಆಗುತ್ತಿದ್ದರೆ ರಾಗ ಸಂಯೋಜನೆಯ ವ್ಯಾಪ್ತಿ ನಿಮ್ಮ ಕಂಠಕ್ಕಿಂತ ದೊಡ್ಡದು. ಸಂಯೋಜಕರೊಂದಿಗೆ ಮಾತನಾಡುವ ಸಮಯ ಇದೇ. ಕಂಠ ಅತ್ಯುತ್ತಮವಾಗಿದ್ದ ದಿನದ ಶ್ರುತಿಯನ್ನು ಆರಿಸಬೇಡಿ, ಸಾಧಾರಣ ದಿನದಲ್ಲಿ ಹಾಡಬಲ್ಲದ್ದನ್ನು ಆರಿಸಿ.

ನಿಗದಿಯಾದ ಶ್ರುತಿಯನ್ನು ಎಲ್ಲರಿಗೂ ತಿಳಿಯುವಂತೆ ಬರೆದು ಕಳಿಸಿ. ಹಾರ್ಮೋನಿಯಂನವರು ಕರಿ ಒಂದು ಎನ್ನುತ್ತಾರೆ, ಕರ್ನಾಟಕ ಸಂಗೀತದವರು ಒಂದೂವರೆ ಎನ್ನುತ್ತಾರೆ, ಕೀಬೋರ್ಡಿನವರು ಸಿ ಶಾರ್ಪ್ ಎನ್ನುತ್ತಾರೆ. ಮೂರೂ ಒಂದೇ. ಆದರೆ ಬರಿದೇ "ಒಂದು" ಎಂದು ಫೋನಿನಲ್ಲಿ ಹೇಳಿದರೆ ಒಬ್ಬರು ಬಿಳಿ ಒಂದು ಎಂದೂ ಇನ್ನೊಬ್ಬರು ಕರಿ ಒಂದು ಎಂದೂ ತಿಳಿಯುತ್ತಾರೆ. ಮೂರು ಹೆಸರನ್ನೂ ಸಂದೇಶದಲ್ಲಿ ಹಾಕಿ.

ಶ್ರುತಿ ಏಕೆ ಇಷ್ಟು ಬೇಗ ಬೇಕು? ಕೊಳಲು ಒಂದೊಂದು ಶ್ರುತಿಗೆ ಒಂದೊಂದು. ಕರಿ ಒಂದಕ್ಕೆ ಹದವಾದ ದೊಡ್ಡ ಮುಖದ ತಬಲಾವನ್ನು ಬಿಳಿ ಐದಕ್ಕೆ ಎಳೆದರೆ ಚರ್ಮ ಹರಿಯಬಹುದು, ಹರಿಯದಿದ್ದರೂ ನಾದ ಸಾಯುತ್ತದೆ. ಮೃದಂಗವೂ ಹಾಗೆಯೇ. ವಾದಕರು ಸರಿಯಾದ ವಾದ್ಯವನ್ನು ಹೊಂದಿಸಿಕೊಳ್ಳಲು, ಇಲ್ಲದಿದ್ದರೆ ಬೇರೆಯವರಿಂದ ಕೇಳಿ ತರಲು ದಿನಗಳು ಬೇಕು.

ಇನ್ನು ಹಾರ್ಮೋನಿಯಂ. ತಂಡಗಳನ್ನು ಅತಿ ಹೆಚ್ಚು ಕಾಡುವ ವಾದ್ಯ ಇದು, ಏಕೆಂದರೆ ಅದನ್ನು ಯಾರೂ ಅನುಮಾನಿಸುವುದಿಲ್ಲ. ಕೀಬೋರ್ಡ್, ತಂಬೂರಿ ಆ್ಯಪ್‌ಗಳು ಸಾಮಾನ್ಯವಾಗಿ ‘ಎ’ ಸ್ವರ 440 ಹರ್ಟ್ಸ್ ಎಂಬ ಆಧಾರದ ಮೇಲೆ ನಡೆಯುತ್ತವೆ. ಹಳೆಯ ಹಾರ್ಮೋನಿಯಂಗಳು ಹಾಗಿರಬೇಕೆಂದಿಲ್ಲ. ಟ್ಯೂನರ್ ಆ್ಯಪ್ ತೆರೆದು ಒಂದೊಂದೇ ಮನೆ (ಕೀಲಿ) ಒತ್ತಿ ನೋಡಿ. ಅರ್ಧ ಮನೆಯ ಅಂತರ ಎಂದರೆ 100 ಸೆಂಟ್. ನಾಲ್ಕೈದು ಸೆಂಟ್ ವ್ಯತ್ಯಾಸವನ್ನು ಬಿಟ್ಟುಬಿಡಬಹುದು. 15–20 ಸೆಂಟ್ ಇದ್ದರೆ ಕೀಬೋರ್ಡ್ ಜೊತೆ ನುಡಿಸಿದಾಗ ಕಿವಿ ಕೆರೆಯುತ್ತದೆ. ಎಲ್ಲ ಮನೆಗಳೂ ಒಂದೇ ಅಳತೆಯಲ್ಲಿ ಏರಿದ್ದರೆ ಅಥವಾ ಇಳಿದಿದ್ದರೆ ಚಿಂತೆಯಿಲ್ಲ: ಹಾರ್ಮೋನಿಯಂ ಅನ್ನೇ ಆಧಾರವಾಗಿಟ್ಟು ಕೀಬೋರ್ಡ್ ಮತ್ತು ತಂಬೂರಿಯನ್ನು ಅದಕ್ಕೆ ಹೊಂದಿಸಬಹುದು. ಒಂದೊಂದು ಮನೆ ಒಂದೊಂದು ದಿಕ್ಕಿಗೆ ಹೋಗಿದ್ದರೆ ರಿಪೇರಿಗೆ ಕೊಡಿ, ಇಲ್ಲವೇ ಆ ಹಾಡಿನಿಂದ ಹಾರ್ಮೋನಿಯಂ ಅನ್ನು ಬಿಡಿ. ಸ್ಟುಡಿಯೊದಲ್ಲಿ ಕುಳಿತು ರೀಡ್ (ಸ್ವರ ಹೊರಡಿಸುವ ಲೋಹದ ಪಟ್ಟಿ) ಕೆರೆಯುವ ಕೆಲಸಕ್ಕೆ ಯಾರೂ ಕೈಹಾಕಬಾರದು.

ಅಪಾಯದ ಸೂಚನೆ: ಅಭ್ಯಾಸದ ವೇಳೆ ಯಾರಾದರೂ "ಶ್ರುತಿ ಅಲ್ಲಿ ಹೋಗಿ ನೋಡಿಕೊಳ್ಳೋಣ" ಎಂದರೆ ಅಲ್ಲಿಗೇ ಅಭ್ಯಾಸ ನಿಲ್ಲಿಸಿ, ಶ್ರುತಿ ತೀರ್ಮಾನಿಸಿ.

2. ಲಯವನ್ನು ಸಂಖ್ಯೆಯಲ್ಲಿ ಬರೆದಿಡಿ

ಹಾಡನ್ನು ನಿಮ್ಮ ಸಹಜ ಓಟದಲ್ಲಿ ಹಾಡುತ್ತಾ ಮೆಟ್ರೊನೋಮ್ ಆ್ಯಪ್‌ನ ಪರದೆಯನ್ನು ತಾಳಕ್ಕೆ ತಟ್ಟಿ. ನಿಮಿಷಕ್ಕೆ ಎಷ್ಟು ಬಡಿತ ಎಂದು ಅದು ತೋರಿಸುತ್ತದೆ. ಪಲ್ಲವಿಗೆ ಒಮ್ಮೆ, ಕೊನೆಯ ಚರಣಕ್ಕೆ ಒಮ್ಮೆ ತಟ್ಟಿ. ಪಲ್ಲವಿ 76ರಲ್ಲಿ ಆರಂಭವಾಗಿ ಕೊನೆಯ ಚರಣ 84ಕ್ಕೆ ಹೋಗಿದ್ದರೆ ಆಶ್ಚರ್ಯಪಡಬೇಡಿ, ಬಹಳ ತಂಡಗಳು ಓಡುತ್ತವೆ. ನಡುವಿನ ಒಂದು ಸಂಖ್ಯೆಯನ್ನು ಆರಿಸಿ ಬರೆದಿಡಿ.

ಮೆಟ್ರೊನೋಮಿನ ಟಕ್ ಸದ್ದು, ಅಂದರೆ ಕ್ಲಿಕ್ ಜೊತೆ ಹಾಡುವ ಅಭ್ಯಾಸ ಇಲ್ಲದವರು ಅದನ್ನು ಜೋರಾಗಿ ಇಟ್ಟುಕೊಂಡು ಬೆನ್ನಟ್ಟುತ್ತಾರೆ. ಆಗ ಪ್ರತಿ ಅಕ್ಷರವೂ ಕ್ಲಿಕ್ ಮೇಲೆ ಕುಟ್ಟಿದಂತೆ ಬೀಳುತ್ತದೆ, ಭಾವಗೀತೆ ಕವಾಯತಾಗುತ್ತದೆ. ಮೊದಲು ಮೆಲ್ಲಗೆ, ಒಂದೇ ಕಿವಿಯಲ್ಲಿ ಕೇಳುತ್ತಾ ಹಾಡಿ. ಬಳಿಕ ಆವರ್ತನದ (ತಾಳದ ಒಂದು ಸುತ್ತಿನ) ಮೊದಲ ಪೆಟ್ಟಿಗೆ ಮಾತ್ರ ಕ್ಲಿಕ್ ಬರುವಂತೆ ಮಾಡಿ. ಅಲ್ಲಿ ಸೇರಿಕೊಳ್ಳಲು ಸಾಧ್ಯವಾದರೆ ನಡುವಿನ ಎಳೆತ, ಬಿಡುವು ಎಲ್ಲ ನಿಮ್ಮ ಇಚ್ಛೆ.

ಎಲ್ಲಕ್ಕೂ ಕ್ಲಿಕ್ ಬೇಕಿಲ್ಲ ಎಂಬುದನ್ನೂ ಖಂಡಿತವಾಗಿ ಹೇಳುತ್ತೇನೆ. ಹೊಸಹಳ್ಳಿಯ ಕಡೆಯ ಗಮಕ ವಾಚನಕ್ಕೆ (ರಾಗವಾಗಿ ಕಾವ್ಯ ಓದುವುದಕ್ಕೆ), ಆಲಾಪಕ್ಕೆ, ಯಕ್ಷಗಾನದ ಪದ್ಯಗಳಿಗೆ ಕ್ಲಿಕ್ ಹಾಕುವುದು ಅವುಗಳ ಉಸಿರು ಕಟ್ಟಿದಂತೆಯೇ. ಭಾಗವತರು ಮತ್ತು ಮದ್ದಳೆಯವರು ಒಬ್ಬರನ್ನೊಬ್ಬರು ನೋಡುತ್ತಾ ಒಟ್ಟಿಗೆ ಮುದ್ರಿಸಬೇಕು. ಚಂಡೆ ಒಂದೇ ಕೋಣೆಯಲ್ಲಿದ್ದರೆ ಭಾಗವತರ ಮೈಕ್ ತುಂಬ ಚಂಡೆಯೇ ತುಂಬುತ್ತದೆ. ಅದಕ್ಕೆ ಬೇರೆ ಕೋಣೆ ಬೇಕು, ಇಲ್ಲವೇ ಅದನ್ನು ಕೊನೆಯಲ್ಲಿ ಹೆಡ್‌ಫೋನ್ ಹಾಕಿ ನುಡಿಸಬೇಕು. ಭಾಗವತರ ಕೈಯ ತಾಳದ ಶಬ್ದವೂ ಕಂಠದ ಮೈಕ್‌ಗೆ ಚುಚ್ಚುತ್ತದೆ. ತಾಳ ಹಿಡಿಯದೆ ಹಾಡಲು ಬರುವುದಿಲ್ಲ ಎನ್ನುವವರು ಮೊದಲೇ ತಿಳಿಸಿದರೆ ಮೈಕ್ ಇಡುವ ರೀತಿಯನ್ನೇ ಬದಲಿಸಬಹುದು.

3. ಸಾಹಿತ್ಯ ಮತ್ತು ಅದರ ಹಕ್ಕು

ಹಾಡನ್ನು ಬಾಯಿಪಾಠ ಮಾಡಿದವರೂ ಒಮ್ಮೆ ಮುದ್ರಿತ ಪುಸ್ತಕ ತೆಗೆದು ಅಕ್ಷರ ಅಕ್ಷರ ಹೋಲಿಸಿ. ಕೇಳಿ ಕಲಿತ ಹಾಡಿನಲ್ಲಿ ಪದ ಬದಲಾಗಿರುವುದು ತೀರ ಸಾಮಾನ್ಯ. ಹಕಾರ ಅಕಾರವಾಗುವುದು, ಮಹಾಪ್ರಾಣ ಉದುರುವುದು, ಶಕಾರ ಸಕಾರವಾಗುವುದು ವೇದಿಕೆಯಲ್ಲಿ ಮರೆಯಾದೀತು, ಇಲ್ಲಿ ಆಗದು. ಉಸಿರು ತೆಗೆದುಕೊಳ್ಳುವ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ. ಪದದ ನಡುವೆ ಉಸಿರು ತೆಗೆಯುವ ಅಭ್ಯಾಸ ಇದ್ದರೆ ಆಗಲೇ ಬಯಲಾಗುತ್ತದೆ.

ಹಾಡನ್ನು ದೊಡ್ಡ ಅಕ್ಷರದಲ್ಲಿ, ಹಾಳೆಯ ಒಂದೇ ಬದಿಗೆ ಮುದ್ರಿಸಿ. ಪುಟ ತಿರುಗಿಸುವ ಸದ್ದು ಹಾಡಿನೊಳಗೆ ಬರುತ್ತದೆ. ಮೊಬೈಲ್ ನೋಡಿ ಹಾಡುವುದು ಬೇಡ.

ಹಕ್ಕಿನ ವಿಷಯವನ್ನು ಎಲ್ಲರೂ ಹಾಡು ಸಿದ್ಧವಾದ ಮೇಲೆ ನೆನಪಿಸಿಕೊಳ್ಳುತ್ತಾರೆ. ನಮ್ಮ ಕಾನೂನಿನಲ್ಲಿ ಸಾಹಿತ್ಯ ಕೃತಿಯ ಹಕ್ಕು ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಕುವೆಂಪು 1994ರಲ್ಲಿ ತೀರಿಕೊಂಡರು. ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೂ ಇದೆ. ನಮ್ಮೂರ ಕವಿ ಎಂಬ ಸಲಿಗೆ ಇಲ್ಲಿ ನಡೆಯುವುದಿಲ್ಲ, ಲಿಖಿತ ಅನುಮತಿ ಬೇಕು. ರಾಗ ಸಂಯೋಜನೆಯ ಹಕ್ಕು ಬೇರೆಯೇ. ವಚನ, ದಾಸರ ಪದಗಳ ಸಾಹಿತ್ಯ ಎಲ್ಲರದ್ದು. ಆದರೆ ಇತ್ತೀಚಿನವರು ಹಾಕಿದ ಧಾಟಿ ಅವರದು. ದೀಪಾವಳಿಯಲ್ಲಿ ಮನೆಮನೆಗೆ ದೀಪ ಒಯ್ದು ಹಾಡುವ ಅಂಟಿಕೆ-ಪಂಟಿಕೆಯ ಪದ, ಸೋಬಾನೆ ಪದಗಳಿಗೆ ಕರ್ತೃವಿಲ್ಲ ನಿಜ, ಆದರೂ ನಿಮಗೆ ಹಾಡಿ ಕಲಿಸಿದವರ ಹೆಸರು ಹಾಕದೆ, ಕೈಗೆ ಏನೂ ಕೊಡದೆ ಮುದ್ರಿಸುವುದು ಸಲ್ಲದು.

4. ಹಾಡಿನ ನಕ್ಷೆ

ಒಂದು ಹಾಳೆ ಸಾಕು. ಆರಂಭದ ಬಿಟ್ (ವಾದ್ಯಗಳಷ್ಟೇ ನುಡಿಯುವ ತುಣುಕು) ಎಷ್ಟು ಆವರ್ತನ, ಪಲ್ಲವಿ ಎಷ್ಟು ಸಲ, ನಡುವಿನ ಬಿಟ್ ಯಾರದು, ಮುಕ್ತಾಯ ಹೇಗೆ ಎಂದು ಬರೆಯಿರಿ. ಅದರಂತೆ ಇಡೀ ಹಾಡನ್ನು ಮೊಬೈಲ್‌ನಲ್ಲಿ ಮುದ್ರಿಸಿ ಎಲ್ಲರಿಗೂ ಕಳಿಸಿ. ಮುಕ್ತಾಯವೇ ತೀರ್ಮಾನವಾಗದ ತಂಡ ಎಂದರೆ ಹಾಡು ಇನ್ನೂ ಸಿದ್ಧವಿಲ್ಲವೆಂದೇ ಅರ್ಥ.

5. ಸ್ಟುಡಿಯೊ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

ಮುಂಗಡ ಕೊಡುವ ಮೊದಲು ಒಮ್ಮೆ ಹೋಗಿ ನೋಡಿ. ಕೋಣೆಯಲ್ಲಿ ಎರಡು ನಿಮಿಷ ಮಾತಿಲ್ಲದೆ ನಿಲ್ಲಿ: ಫ್ಯಾನಿನ ಸದ್ದು, ರಸ್ತೆಯ ಹಾರ್ನ್, ಎಸಿಯ ಗುಂಯ್‌ಗುಡುವಿಕೆ ಕೇಳಿಸುತ್ತದೆಯೇ? ಚಪ್ಪಾಳೆ ತಟ್ಟಿ, ಸದ್ದು ತಿರುಗಿ ಬರುತ್ತದೆಯೇ ಗಮನಿಸಿ. ಮಳೆಗಾಲದಲ್ಲಿ ಮುದ್ರಿಸುವುದಾದರೆ ಮೇಲೆ ಏನಿದೆ ಎಂದು ಕೇಳಿ. ತಗಡಿನ ಚಾವಣಿಯ ಕೆಳಗೆ ಜುಲೈ ತಿಂಗಳಲ್ಲಿ ತಂಬೂರಿ ಮುದ್ರಿಸುವುದು ಆಗದ ಮಾತು.

ಬಾಡಿಗೆ ಗಂಟೆಗೋ ಹಾಡಿಗೋ? ಮಿಕ್ಸಿಂಗ್ (ಎಲ್ಲ ಟ್ರ್ಯಾಕ್ ಹದವಾಗಿ ಬೆರೆಸುವುದು), ಮಾಸ್ಟರಿಂಗ್ (ಬೆರೆಸಿದ್ದಕ್ಕೆ ಕೊನೆಯ ಹದ ಕೊಡುವುದು) ಅದರಲ್ಲಿ ಸೇರಿದೆಯೇ? ಎಷ್ಟು ಸಲ ತಿದ್ದುಪಡಿ ಮಾಡಿಕೊಡುತ್ತಾರೆ? ಒಟ್ಟಿಗೆ ಎಷ್ಟು ಮೈಕ್ ಮುದ್ರಿಸಬಹುದು? ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಾಳುತ್ತದೆ? ಪ್ರತಿ ವಾದ್ಯದ ಪ್ರತ್ಯೇಕ ಟ್ರ್ಯಾಕ್ ನಿಮಗೆ ಸಿಗುತ್ತದೆಯೇ? ಉತ್ತರಗಳನ್ನು ಬರೆದುಕೊಳ್ಳಿ. ಹಾಡಿಗೆ ವಿಡಿಯೊ ಮಾಡುವುದಿದ್ದರೆ 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಲು ಮೊದಲೇ ಹೇಳಿ.

ಮನೆಯಲ್ಲೇ ಮುದ್ರಿಸುವವರಿಗೆ ಒಂದು ಮಾತು: ಕೊಯ್ಲಿನ ದಿನಗಳಲ್ಲಿ ಪಕ್ಕದ ಮನೆಯ ಅಡಿಕೆ ಸುಲಿಯುವ ಯಂತ್ರ ಯಾವಾಗ ನಿಲ್ಲುತ್ತದೆಂದು ತಿಳಿದುಕೊಂಡು ಸಮಯ ಇಟ್ಟುಕೊಳ್ಳಿ. ಸಂಜೆಯ ಜೀರುಂಡೆ ಸದ್ದು ಕಿವಿಗೆ ಅಭ್ಯಾಸವಾಗಿ ನಮಗೆ ಕೇಳಿಸುವುದೇ ಇಲ್ಲ, ಮೈಕ್‌ಗೆ ಕೇಳಿಸುತ್ತದೆ.

ಬೆಂಗಳೂರಿಗೆ ಹೋಗುವವರು ರಾತ್ರಿ ಬಸ್ಸಿನಲ್ಲಿ ಸುಮಾರು 300 ಕಿಲೊಮೀಟರ್ ಪ್ರಯಾಣ ಮಾಡಿ ಬೆಳಿಗ್ಗೆಯೇ ಮೈಕ್ ಮುಂದೆ ನಿಲ್ಲುತ್ತಾರೆ. ನಿದ್ದೆಯಿಲ್ಲದ ಕಂಠ, ಎಸಿಗೆ ಒಣಗಿದ ಗಂಟಲು, ಡಿಕ್ಕಿಯಲ್ಲಿ ಕುಲುಕಿದ ವಾದ್ಯ. ಹಿಂದಿನ ದಿನವೇ ಹೋಗಿ ತಂಗಿ. ಒಂದು ದಿನದ ಕೋಣೆ ಬಾಡಿಗೆ ಸ್ಟುಡಿಯೊದ ಪೋಲಾದ ಗಂಟೆಗಳಿಗಿಂತ ಅಗ್ಗ.

6. ವಾದ್ಯಗಳನ್ನು ಹದಗೊಳಿಸುವುದು

ಮಲೆನಾಡಿನವರು ಈ ಹಂತಕ್ಕೆ ಬೇರೆಯವರಿಗಿಂತ ಹೆಚ್ಚು ಸಮಯ ಕೊಡಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಅದೇ ವಾದ್ಯವನ್ನು ಎಸಿ ಕೋಣೆಗೆ ತಂದರೆ ಚರ್ಮ ಒಣಗಿ ಬಿಗಿಯಾಗಿ ಶ್ರುತಿ ಏರತೊಡಗುತ್ತದೆ. ಬಂದ ತಕ್ಷಣ ಶ್ರುತಿ ಮಾಡಿದರೆ ಮೊದಲ ಹಾಡು ಮುಗಿಯುವಷ್ಟರಲ್ಲಿ ಅದು ಬೇರೆಲ್ಲೋ ಇರುತ್ತದೆ. ಆದ್ದರಿಂದ ತಬಲಾ, ಮೃದಂಗ, ಮದ್ದಳೆಗಳನ್ನು ಒಂದೆರಡು ಗಂಟೆ ಮೊದಲೇ ತಂದು ಚೀಲದಿಂದ ಹೊರಗಿಡಿ. ಎಸಿ ಯಾವ ಮಟ್ಟದಲ್ಲಿ ಇರುತ್ತದೋ ಅದೇ ಮಟ್ಟದಲ್ಲಿ ಇರಲಿ. ವಾದ್ಯ ಕೋಣೆಗೆ ಒಗ್ಗಿದ ಮೇಲೆ ಸುತ್ತಿಗೆ ಕೈಗೆತ್ತಿಕೊಳ್ಳಿ.

ಸಡಿಲಾದ ತಬಲಾವನ್ನು ಬಚ್ಚಲ ಒಲೆಯ ಮುಂದೆ ಇಟ್ಟು ಕಾಯಿಸುವವರಿದ್ದಾರೆ. ದಯವಿಟ್ಟು ಬೇಡ. ಬಿಸಿಗೆ ಚರ್ಮ ತಾತ್ಕಾಲಿಕವಾಗಿ ಬಿಗಿಯುತ್ತದೆ, ನಡುವಿನ ಕಪ್ಪು ಲೇಪ ಮಾತ್ರ ಬಿರುಕು ಬಿಟ್ಟು ಉದುರತೊಡಗುತ್ತದೆ. ಡೊಳ್ಳಿಗೆ ಆ ಲೇಪವಿಲ್ಲದ ಕಾರಣ ಎಳೆ ಬಿಸಿಲು, ದೂರದ ಬೆಚ್ಚನೆ ತಾಳಿಕೊಳ್ಳುತ್ತದೆ. ಮಳೆಗಾಲದುದ್ದಕ್ಕೂ ವಾದ್ಯದ ಚೀಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಇಟ್ಟರೆ ಬೂಷ್ಟು ಹಿಡಿಯುವುದೂ ಕಡಿಮೆ.

ಮೃದಂಗದ ಎಡಮುಖಕ್ಕೆ ಹಚ್ಚುವ ರವೆ ಎಸಿಯಲ್ಲಿ ಬೇಗ ಒಣಗಿ ನಾದ ಹಗುರಾಗುತ್ತದೆ. ಹೆಚ್ಚುವರಿ ರವೆ, ನೀರು, ಒರೆಸುವ ಬಟ್ಟೆ ಜೊತೆಗಿರಲಿ. ಪ್ರತಿ ಟೇಕ್ (ಒಂದು ಸಲದ ಮುದ್ರಣ) ನಂತರ ಎಡಮುಖವನ್ನು ಒಮ್ಮೆ ನುಡಿಸಿ ಕೇಳಿ.

ಕೊಳಲು ತಣ್ಣಗಿದ್ದಾಗ ಇಳಿದಿರುತ್ತದೆ, ಊದಿ ಬೆಚ್ಚಗಾದಂತೆ ಏರುತ್ತದೆ. ಕೊಳಲಿನವರು ತಮ್ಮ ಸರದಿಗೆ ಹತ್ತು ನಿಮಿಷ ಮೊದಲು ಊದಲು ಆರಂಭಿಸಬೇಕು. ಪಿಟೀಲಿನ ತಂತಿಯನ್ನು ಅದೇ ದಿನ ಬದಲಿಸಬೇಡಿ. ಹೊಸ ತಂತಿ ಎಳೆದು ಒಗ್ಗಲು ಕೆಲವು ದಿನ ಬೇಕು. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ, ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಟ್ಟು ಊಟಕ್ಕೆ ಹೋಗಬೇಡಿ. ಹಾರ್ಮೋನಿಯಂನ ತಿದಿ ಕಿರುಗುಟ್ಟುತ್ತದೆಯೇ, ಮನೆಗಳು ಟಕಟಕ ಎನ್ನುತ್ತವೆಯೇ ಎಂದು ಸದ್ದಿಲ್ಲದ ರಾತ್ರಿಯಲ್ಲಿ ನುಡಿಸಿ ಪರೀಕ್ಷಿಸಿ.

7. ಗಂಟಲು

ಕೊನೆಯ ಮೂರು ದಿನ ಹೊಸದೇನನ್ನೂ ಕಲಿಯಬೇಡಿ. ಹಿಂದಿನ ರಾತ್ರಿ ಆರತಕ್ಷತೆಯ ಕಾರ್ಯಕ್ರಮ, ಬೆಳಗಿನ ತನಕದ ಯಕ್ಷಗಾನದ ಆಟ ಒಪ್ಪಿಕೊಳ್ಳಬೇಡಿ. ತಡರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದರೆ ಹುಳಿ ಗಂಟಲಿಗೆ ಏರಿ ಬೆಳಿಗ್ಗೆ ಧ್ವನಿ ಒರಟಾಗುತ್ತದೆ. ಮೊಸರು ತಿನ್ನಬಹುದೇ ಎಂಬ ವಾದ ಮುಗಿಯದ್ದು. ನಿಮಗೆ ಕಫ ಕಟ್ಟುವುದಾದರೆ ಬಿಡಿ, ಇಲ್ಲದಿದ್ದರೆ ಇಲ್ಲ. ಎಲೆ-ಅಡಿಕೆಯನ್ನು ಮಾತ್ರ ಅಂದು ದೂರವಿಡಿ. ಅಡಿಕೆಯ ಒಗರಿಗೆ ಬಾಯಿ ಒಣಗಿ, ಮಾತಿನ ನಡುವೆ ನಾಲಿಗೆಯ ಚಿಟಚಿಟ ಸದ್ದು ಮೈಕ್‌ನಲ್ಲಿ ದೊಡ್ಡದಾಗಿ ಕೇಳುತ್ತದೆ. ಗಂಟಲು ಕೆರೆದಂತಾದರೆ ಕ್ಯಾಕರಿಸದೆ ನೀರು ಗುಟುಕರಿಸಿ.

ಮಾತನಾಡುವಾಗಲೇ ನೋವಿದ್ದರೆ ದಿನವನ್ನು ಮುಂದೂಡಿ. ಗಂಟಲು ಒಡಕಾಗಿ ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಷಾಯ ಬಿಟ್ಟು ಇಎನ್‌ಟಿ ವೈದ್ಯರನ್ನು ಕಾಣಿ.

8. ಮುದ್ರಣದ ದಿನ

ಸಾಮಾನ್ಯ ಕ್ರಮ ಹೀಗೆ: ಮೊದಲು ಗುರುತಿಗಾಗಿ ಹಾಡಿದ ಕಚ್ಚಾ ಟ್ರ್ಯಾಕ್, ಅದರ ಮೇಲೆ ತಾಳವಾದ್ಯ, ಬಳಿಕ ಉಳಿದ ವಾದ್ಯಗಳು, ಕೊನೆಗೆ ನಿಜವಾದ ಗಾಯನ. ಆದ್ದರಿಂದ ಗಾಯಕರು ಕಚ್ಚಾ ಟ್ರ್ಯಾಕ್‌ನಲ್ಲಿ ಪೂರ್ಣ ಶಕ್ತಿ ಸುರಿಯಬಾರದು. ಹಲವು ಹಾಡುಗಳಿದ್ದರೆ ಸುಲಭದ್ದರಿಂದ ಆರಂಭಿಸಿ, ಕಂಠ ಬಿಸಿಯಾದ ಮೇಲೆ, ಊಟಕ್ಕೆ ಮೊದಲು, ಕಷ್ಟದ್ದನ್ನು ಮುಗಿಸಿ.

ಬಳೆ, ಕೈಗಡಿಯಾರ, ಸರಬರ ಎನ್ನುವ ರೇಷ್ಮೆ ಸೀರೆ ಬೇಡ. ಮೈಕ್ ಮುಂದಿನ ಜಾಲರಿಯಿಂದ ಒಂದು ಗೇಣು ದೂರ ನಿಂತು ಆ ಅಂತರವನ್ನು ಕಾಪಾಡಿ. ಪಕಾರ, ಭಕಾರಗಳಲ್ಲಿ ಗಾಳಿ ಬಡಿದರೆ ಮುಖವನ್ನು ತುಸು ಓರೆ ಮಾಡಿದರೆ ಸಾಕು.

ಹೆಡ್‌ಫೋನ್‌ನಲ್ಲಿ ನಿಮಗೆ ಬೇಕಾದ್ದನ್ನು ಸಂಕೋಚವಿಲ್ಲದೆ ಕೇಳಿ. ವಾದ್ಯಗಳು ಜೋರಾಗಿದ್ದರೆ ನಿಮ್ಮ ಧ್ವನಿ ನಿಮಗೇ ಕೇಳದೆ ಶ್ರುತಿ ಜಾರುತ್ತದೆ. ತಂಬೂರಿ ಏರಿಸಿ, ಉಳಿದದ್ದು ಇಳಿಸಿ, ಬೇಕಿದ್ದರೆ ಒಂದು ಕಿವಿ ತೆರೆದಿಡಿ. ತೆರೆದ ಕಿವಿಯ ಕಡೆಯ ಹೆಡ್‌ಫೋನ್ ಕೆನ್ನೆಗೆ ಒತ್ತಿಕೊಂಡಿರಲಿ, ಇಲ್ಲದಿದ್ದರೆ ಕ್ಲಿಕ್ ಸೋರಿ ಮೈಕ್‌ಗೆ ಬರುತ್ತದೆ.

ಮೂರು ನಾಲ್ಕು ಪೂರ್ಣ ಟೇಕ್ ಹಾಡಿ, ಆಮೇಲೆ ಕುಳಿತು ಕೇಳಿ. ಪ್ರತಿ ಟೇಕ್ ನಂತರ ಹೊರಗೆ ಓಡಿಬಂದು ಕೇಳುವವರ ಹಾಡಿನಲ್ಲಿ ಭಾವದ ಎಳೆಯೇ ಉಳಿಯುವುದಿಲ್ಲ. ಒಂದು ಸಾಲನ್ನು ಮಾತ್ರ ತಿದ್ದುವಾಗ ಎರಡು ಸಾಲು ಹಿಂದಿನಿಂದ ಹಾಡಿಕೊಂಡು ಬನ್ನಿ, ಉಸಿರು ಮತ್ತು ಬಣ್ಣ ಹೊಂದುತ್ತದೆ. ಯಾವ ಟೇಕ್ ಸರಿ ಎನ್ನುವ ಅಧಿಕಾರ ಒಬ್ಬರಿಗೇ ಇರಲಿ. ಮಾವ, ಅತ್ತೆ, ಗೆಳೆಯರೆಲ್ಲ ಕಂಟ್ರೋಲ್ ರೂಮಿನಲ್ಲಿ ಕುಳಿತರೆ ತೀರ್ಪು ಹೊರಬೀಳುವುದಿಲ್ಲ.

"ಶ್ರುತಿಯನ್ನು ಕಂಪ್ಯೂಟರ್‌ನಲ್ಲಿ ಸರಿಮಾಡಿ" ಎಂಬ ಬೇಡಿಕೆ ನನಗೆ ದಿನವೂ ಬರುತ್ತದೆ. ನೇರವಾಗಿ ನಿಂತ ಸ್ವರವನ್ನು ಸರಿಸಬಹುದು. ಆದರೆ ಗಮಕದಲ್ಲಿ, ಅಂದರೆ ಸ್ವರವನ್ನು ಓಲಾಡಿಸಿ ಹಾಡುವಲ್ಲಿ, ಸ್ವರ ನಿಲ್ಲುವುದೇ ಇಲ್ಲ. ತಂತ್ರಾಂಶ ಆ ಓಲಾಟವನ್ನೇ ತಪ್ಪೆಂದು ತಿಳಿದು ಚಪ್ಪಟೆ ಮಾಡುತ್ತದೆ, ತೋಡಿ ರಾಗ ತೋಡಿಯಾಗಿ ಉಳಿಯುವುದಿಲ್ಲ. ಅಲ್ಲಿ ಮತ್ತೆ ಹಾಡುವುದೊಂದೇ ದಾರಿ.

ನಿಲ್ಲಿಸಬೇಕಾದ ಸೂಚನೆಗಳು: ಒಂದೊಂದು ಟೇಕ್ ಹಿಂದಿನದಕ್ಕಿಂತ ಸಪ್ಪೆಯಾಗುವುದು, ಸಾಲಿನ ಕೊನೆಯ ಸ್ವರ ಇಳಿಯುವುದು, ಚೆನ್ನಾಗಿ ಬರುತ್ತಿದ್ದ ಪದವೇ ತೊದಲುವುದು. ಆಗ ಹತ್ತು ನಿಮಿಷ ಹೊರಗೆ ಅಡ್ಡಾಡಿ ಬನ್ನಿ. ಬಂದ ಮೇಲೂ ಹಾಗೇ ಆದರೆ ಆ ಹಾಡನ್ನು ಬೇರೆ ದಿನಕ್ಕೆ ಬಿಡಿ.

9. ಹೊರಡುವ ಮೊದಲು

ಪ್ರತಿ ಹಾಡಿನ ಆರಂಭ ಮತ್ತು ಅಂತ್ಯವನ್ನು ಕೇಳಿ. ಕೊನೆಯ ನಾದ ಪೂರ್ತಿ ಆರುವ ಮುನ್ನ ಯಾರಾದರೂ ಮಾತನಾಡಿದ್ದರೆ ಈಗಲೇ ಸರಿಪಡಿಸಬಹುದು. ಪ್ರತ್ಯೇಕ ಟ್ರ್ಯಾಕ್‌ಗಳನ್ನು ವೇವ್ ಕಡತಗಳಾಗಿ ನಿಮ್ಮ ಡಿಸ್ಕ್‌ಗೆ ಹಾಕಿಸಿಕೊಂಡು, ಮನೆಗೆ ಹೋಗಿ ಇನ್ನೊಂದು ಕಡೆ ಪ್ರತಿ ಮಾಡಿಡಿ. ಕವಿ, ಸಂಯೋಜಕರು, ಪ್ರತಿಯೊಬ್ಬ ವಾದಕರ ಹೆಸರನ್ನು ಸರಿಯಾದ ಕಾಗುಣಿತದಲ್ಲಿ ಬರೆದುಕೊಡಿ.

ಕಚ್ಚಾ ಮಿಕ್ಸ್ ಅನ್ನು ಅದೇ ರಾತ್ರಿ ಕೇಳಿ ತೀರ್ಪು ಕೊಡಬೇಡಿ, ದಣಿದ ಕಿವಿಗೆ ಎಲ್ಲವೂ ತಪ್ಪಾಗಿ ಕೇಳುತ್ತದೆ ಅಥವಾ ಎಲ್ಲವೂ ಸರಿಯಾಗಿ. ಮರುದಿನ ಇಯರ್‌ಫೋನ್‌ನಲ್ಲಿ ಒಮ್ಮೆ, ಕಾರಿನಲ್ಲಿ ಒಮ್ಮೆ, ಮೊಬೈಲ್‌ನ ಪುಟ್ಟ ಸ್ಪೀಕರ್‌ನಲ್ಲಿ ಒಮ್ಮೆ ಕೇಳಿ. ತಿದ್ದುಪಡಿಗಳನ್ನು ನಿಮಿಷ, ಸೆಕೆಂಡಿನ ಸಮೇತ ಒಂದೇ ಪಟ್ಟಿಯಲ್ಲಿ ಬರೆದು ಕಳಿಸಿ: "1:42ರಲ್ಲಿ ಕೊಳಲು ತುಸು ಕಡಿಮೆ", "3:05ರಲ್ಲಿ ಉಸಿರಿನ ಸದ್ದು" ಎಂಬಂತೆ. "ಇನ್ನೂ ಸ್ವಲ್ಪ ಭಾವ ಬೇಕು" ಎಂದು ಬರೆದರೆ ಮಿಕ್ಸಿಂಗ್ ಮಾಡುವವರು ಯಾವ ಗುಂಡಿ ತಿರುಗಿಸಬೇಕು?